ಹೊಳೆಯ ತಲೆಕಡೆಗೆ ನಾಲ್ಕು ದಿನ

ನಮ್ಮೂರು ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ಹೊಳೆಯ ದಂಡೆಯ ಮೇಲೆ. ಹೊಳೆ ಎಲ್ಲಿಂದ ಬರುತ್ತದೆ ಅಂತ ಸಣ್ಣವಳಿದ್ದಾಗ ಅವ್ವನನ್ನು ಕೇಳಿದರೆ "ಪುಣಾ ಕಡಿಯಿಂದ" ಅನ್ನುತ್ತಿದ್ದಳು. ಆಮೇಲೆ ನಾನೇ ಪುಣೆಗೆ ಬಂದೆ. ಭೋಸರಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷವಾಯಿತು. ಆ ಸೀಮೆಯ ಗುಡ್ಡಗಳನ್ನು ಎಷ್ಟೋ ಸಲ ಹತ್ತಿದ್ದೇನೆ, ಹೊಳೆ ಹುಟ್ಟುವ ಭೀಮಾಶಂಕರಕ್ಕೆ ಮಾತ್ರ ಹೋಗಿರಲಿಲ್ಲ.

ನಮ್ಮ ಗಲ್ಲಿಯಲ್ಲಿ ಕಲಬುರಗಿ, ವಿಜಯಪುರ, ಬೀದರ ಕಡೆಯ ಮನೆಗಳೇ ಹೆಚ್ಚು. ಗಂಡಸರು ಸೆಂಟ್ರಿಂಗ್, ಗೌಂಡಿ ಕೆಲಸಕ್ಕೆ ಹೋಗುತ್ತಾರೆ; ಹೆಂಗಸರು ಮನೆಗೆಲಸಕ್ಕೆ, ಕಾರ್ಖಾನೆಗೆ. ಮಕ್ಕಳಿಗೆ ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ, ಆಟದಲ್ಲಿ ಎರಡೂ. ಮೂರು ವರ್ಷದಿಂದ ಭಾನುವಾರ ಬೆಳಿಗ್ಗೆ ಈ ಮಕ್ಕಳನ್ನು ಕೂಡಿಸಿಕೊಂಡು ಗಂಟು ಹಾಕುವುದು, ಚಾಕು ಹಿಡಿಯುವುದು, ಮೂರು ಕಲ್ಲಿಟ್ಟು ಒಲೆ ಹೂಡುವುದು ಕಲಿಸುತ್ತಿದ್ದೇನೆ. ಬುಶ್‌ಕ್ರಾಫ್ಟ್ ಅಂತ ಇದಕ್ಕೆ ಈಗಿನ ಹೆಸರು. ಅದನ್ನು ಕಲಿಸುವ ಶಿಬಿರಗಳ ಶುಲ್ಕ ನಮ್ಮ ಗಲ್ಲಿಯವರ ಕೈಗೆ ಎಟಕುವುದಿಲ್ಲ. ಹಾಗಂತ ನಮ್ಮ ಮಕ್ಕಳು ಅದನ್ನು ಕಲಿಯದೇ ಇರಬೇಕೆ? ಡಿಸೆಂಬರ್ ರಜೆಯಲ್ಲಿ ನಾಲ್ಕು ದಿನ ಹೊರಟೆವು. ಹನ್ನೊಂದರಿಂದ ಹದಿನಾರು ವಯಸ್ಸಿನ ಒಂಬತ್ತು ಮಕ್ಕಳು, ಇಬ್ಬರು ತಾಯಂದಿರು, ಸೆಂಟ್ರಿಂಗ್ ಕೆಲಸದ ಒಬ್ಬ ತಂದೆ, ಟೆಂಪೋ ಟ್ರಾವೆಲರ್ ಓಡಿಸುವ ತಮ್ಮ, ನಾನು.

ಮೊದಲ ದಿನ

ಬೆಳಿಗ್ಗೆ ಐದೂವರೆಗೇ ಬಿಟ್ಟೆವು. ಏಳರ ಮೇಲಾದರೆ ಚಾಕಣದ ಟ್ರಾಫಿಕ್ಕಿನಲ್ಲಿ ಸಿಕ್ಕಿ ಅರ್ಧ ದಿನ ಅಲ್ಲೇ ಹೋಗುತ್ತದೆ. ಮಕ್ಕಳಿಗೆ ಒಂದೇ ಕೆಲಸ ಕೊಟ್ಟಿದ್ದೆ: ದಾರಿಯಲ್ಲಿ ದಾಟುವ ನದಿಗಳನ್ನು ಎಣಿಸಬೇಕು, ಹೆಸರು ಬರೆದುಕೊಳ್ಳಬೇಕು. ಮೋಶಿಯಲ್ಲಿ ಇಂದ್ರಾಯಣಿ. ಚಾಕಣ ದಾಟಿದ ಮೇಲೆ ಭಾಮಾ. ರಾಜಗುರುನಗರದಲ್ಲಿ ಸ್ವತಃ ಭೀಮಾ. ಕ್ರಾಂತಿಕಾರಿ ರಾಜಗುರು ಹುಟ್ಟಿದ ಊರು ಅದು, ಹಳೆಯ ಹೆಸರು ಖೇಡ. ಮಂಚರದಲ್ಲಿ ಎಡಕ್ಕೆ ತಿರುಗಿ ಘೋಡೆಗಾಂವಿಗೆ ಬಂದರೆ ಘೋಡ ನದಿ. ಇವೆಲ್ಲ ಒಂದೊಂದು ಕಡೆ ಭೀಮೆಯನ್ನೇ ಕೂಡುತ್ತವೆ. ಪುಣೆಯ ಮುಳಾ, ಮುಠಾ, ಪವನಾಗಳೂ ಅಷ್ಟೆ. ಉಜನಿ ಆಣೆಕಟ್ಟು ತುಂಬಿ, ಪಂಢರಪುರದಲ್ಲಿ ಚಂದ್ರಭಾಗಾ ಅನ್ನಿಸಿಕೊಂಡು, ಕರ್ನಾಟಕಕ್ಕೆ ಬಂದು, ಗಾಣಗಾಪುರದಲ್ಲಿ ಅಮರ್ಜೆಯನ್ನು ಕೂಡಿಸಿಕೊಂಡು, ಕಡೆಗೆ ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಗೆ ಸೇರುತ್ತದೆ. ಒಟ್ಟು 861 ಕಿಲೋಮೀಟರ್. "ಅಂದ್ರ ನಾವು ಸ್ನಾನ ಮಾಡಿದ ನೀರು ಅಜ್ಜಿ ಊರಿಗೆ ಹೋಗತದೇನು ಮಾವಶಿ?" ಅಂತ ಹನ್ನೊಂದರ ಹುಡುಗಿ ಕೇಳಿದಳು. ಹೋಗುತ್ತದೆ. ನದಿಗೆ ಏನು ಬಿಡಬೇಕು, ಏನು ಬಿಡಬಾರದು ಅನ್ನುವ ಪಾಠ ಬೇರೆ ಮಾಡುವ ಅಗತ್ಯ ಬೀಳಲಿಲ್ಲ.

ಡಿಂಭೆ ಆಣೆಕಟ್ಟು ದಾಟಿದ ಮೇಲೆ ಗಾಡಿಯನ್ನು ಮಾಳೀಣದ ಕಡೆ ತಿರುಗಿಸಲು ಹೇಳಿದೆ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕೋ ಬೇಡವೋ ಅಂತ ಬಹಳ ಯೋಚಿಸಿದ್ದೆ. 2014ರ ಜುಲೈ 30ರ ಬೆಳಿಗ್ಗೆ, ಎಡೆಬಿಡದ ಮಳೆಯಲ್ಲಿ ಗುಡ್ಡ ಕುಸಿದು ಆ ಊರಿನ ಬಹುಪಾಲು ಮನೆಗಳು ಮಣ್ಣಿನಡಿ ಸೇರಿದವು. 150ಕ್ಕೂ ಹೆಚ್ಚು ಜನ ತೀರಿಕೊಂಡರು. ಊರು ಇಲ್ಲವಾಗಿದೆ ಅಂತ ಮೊದಲು ಹೊರಜಗತ್ತಿಗೆ ತಿಳಿಸಿದವನು ಆ ದಾರಿಯ ಎಸ್‌ಟಿ ಬಸ್ಸಿನ ಚಾಲಕ. ದಿನಾ ಕಾಣುತ್ತಿದ್ದ ಊರು ಅವತ್ತು ಕಾಣಲಿಲ್ಲ. ಉಳಿದವರಿಗೆ 2017ರಲ್ಲಿ ಹತ್ತಿರದ ಆಮಡೆಯಲ್ಲಿ ಹೊಸ ಮನೆಗಳಾದವು. ನಾವು ಗುಡ್ಡದ ಎದುರಿಗೆ ಕೈಮುಗಿದು ಸುಮ್ಮನೆ ನಿಂತೆವು. ಆಮೇಲೆ ಮಕ್ಕಳಿಗೆ ಇಳಿಜಾರನ್ನು ಓದುವುದು ಹೇಗೆ ಅಂತ ಹೇಳಿಕೊಟ್ಟೆ. ಮಣ್ಣಿನಲ್ಲಿ ಹೊಸ ಬಿರುಕು, ಒಂದೇ ದಿಕ್ಕಿಗೆ ವಾಲಿದ ಮರಗಳು, ತಿಳಿಯಾಗಿ ಬರುತ್ತಿದ್ದ ಒರತೆ ಇದ್ದಕ್ಕಿದ್ದಂತೆ ಕೆಸರಾಗುವುದು, ಬಾಗಿಲು ಕಿಟಕಿ ಬಿಗಿಯಾಗಿ ಮುಚ್ಚದೇ ಹೋಗುವುದು. ಅಡವಿಯಲ್ಲಿ ಬದುಕುವ ವಿದ್ಯೆ ಅಂದರೆ ಮಕ್ಕಳ ಮನಸ್ಸಿಗೆ ಮೊದಲು ಬರುವುದು ಬೆಂಕಿ, ಚಾಕು. ನನಗೆ ಮೊದಲು ಬರುವುದು ಎಲ್ಲಿ ಮಲಗಬಾರದು ಅನ್ನುವುದು. ಒಣಗಿದ ಹಳ್ಳದ ಪಾತ್ರದಲ್ಲಿ ಮಲಗಬಾರದು, ಕಡಿದಾದ ಗುಡ್ಡದ ಬುಡದಲ್ಲಿ ಮಲಗಬಾರದು, ಒಣಕೊಂಬೆ ತೂಗುತ್ತಿರುವ ಮರದ ಕೆಳಗೆ ಮಲಗಬಾರದು. ಮಲಗುವ ಜಾಗದಲ್ಲಿ ಮೊದಲು ತಲೆ ಎತ್ತಿ ನೋಡು, ಆಮೇಲೆ ನೆಲ ನೋಡು.

ಮಧ್ಯಾಹ್ನದ ಹೊತ್ತಿಗೆ ಡಿಂಭೆ ಹಿನ್ನೀರಿನ ಮೇಲಿನ ಒಂದು ಪುಟ್ಟ ವಾಡಿ ತಲುಪಿದೆವು. ಅಲ್ಲಿ ನನ್ನ ಗುರು ಇದ್ದಾರೆ. ಮಹಾದೇವ ಕೋಳಿ ಸಮುದಾಯದ ಮುದುಕರು, ಎಪ್ಪತ್ತೈದು ದಾಟಿದೆ. ಹತ್ತು ವರ್ಷದ ಹಿಂದೆ ಈ ಗುಡ್ಡದಲ್ಲಿ ನಾನು ದಾರಿ ತಪ್ಪಿ ಅಲೆಯುತ್ತಿದ್ದಾಗ ಅಳಲೆಕಾಯಿ ಆರಿಸಲು ಬಂದಿದ್ದ ಅವರೇ ಸಿಕ್ಕಿದ್ದು. ಇಲ್ಲಿಯ ಮಂದಿಗೆ ಹಿರಡಾ ಅಂದರೆ ಅಳಲೆಕಾಯಿಯೇ ವರ್ಷದ ದೊಡ್ಡ ಅಡವಿ ಹುಟ್ಟುವಳಿ. ಅವತ್ತಿನಿಂದ ನಾನು ಅವರನ್ನು ಬಾಬಾ ಅನ್ನುತ್ತೇನೆ, ನಮ್ಮ ಮಕ್ಕಳೂ ಹಾಗೇ ಕರೆದರು.

ಬಿಡಾರ ಹೂಡಿದ್ದು ಅವರ ಗದ್ದೆಯಲ್ಲಿ. ಭತ್ತ ಕೊಯ್ದಾಗಿತ್ತು. ಮಕ್ಕಳು ಅಡವಿಯೊಳಗೇ ಇರೋಣ ಅಂದರು. ಕಾಯ್ದಿಟ್ಟ ಅರಣ್ಯದಲ್ಲಿ ಬೆಂಕಿ ಹಚ್ಚುವುದು 1927ರ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಅಭಯಾರಣ್ಯದಲ್ಲಿ ಒಣಕಟ್ಟಿಗೆ ಆರಿಸಲೂ ಬಾರದು. ಕಾಯ್ದೆ ಇರದಿದ್ದರೂ ನಾನು ಹಚ್ಚುತ್ತಿರಲಿಲ್ಲ. ಡಿಸೆಂಬರ್ ಹುಲ್ಲು ಒಂದು ಕಿಡಿಗೆ ಕಾಯುತ್ತಿರುತ್ತದೆ.

ಆ ಸಂಜೆಯದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಎರಡು ಮರದ ನಡುವೆ ಹಗ್ಗ ಕಟ್ಟಿ, ಅದರ ಮೇಲೆ ತಾಡಪತ್ರಿ ಹಾಸಿ, ನಾಲ್ಕು ಮೂಲೆ ಎಳೆದು ಗೂಟಕ್ಕೆ ಬಿಗಿಯಬೇಕು. ಭಾನುವಾರಗಳಲ್ಲಿ ಕಲಿಸಿದ್ದ ಗಂಟುಗಳು ಗಾಳಿಗೆ ಬಂದ ಕೂಡಲೇ ಮಕ್ಕಳಿಗೆ ಮರೆತುಹೋದವು. ತಾಡಪತ್ರಿ ಪಟಪಟ ಹೊಡೆದುಕೊಳ್ಳುತ್ತಿತ್ತು. ಹದಿನೈದರ ಹುಡುಗನೊಬ್ಬ ನಾಲ್ಕು ಸಲ ಕಟ್ಟಿದ, ನಾಲ್ಕು ಸಲವೂ ಸಡಿಲವಾಯಿತು. ಅವನಪ್ಪ ದೂರದಲ್ಲಿ ಕಟ್ಟಿಗೆ ಸೀಳುತ್ತಿದ್ದವರು ಎದ್ದು ಬಂದರು. ಹುಡುಗ "ಬ್ಯಾಡಪ್ಪ, ಮಾವಶಿ ಹೇಳತಾರ" ಅಂದ. ಅವರು ಏನೂ ಅನ್ನದೆ ಹಗ್ಗವನ್ನು ಮರಕ್ಕೆ ಎರಡು ಸುತ್ತು ಸುತ್ತಿ, ತುದಿಯನ್ನು ತನ್ನಡಿಗೇ ತೂರಿಸಿ ಎಳೆದರು. ಹಗ್ಗ ತಂತಿಯ ಹಾಗೆ ನಿಂತಿತು. ತುದಿಯಲ್ಲಿ ಒಂದು ಕುಣಿಕೆ ಬಿಟ್ಟಿದ್ದರು. ಅದನ್ನು ಜಗ್ಗಿದ ಕೂಡಲೇ ಇಡೀ ಗಂಟು ಬಿಚ್ಚಿಕೊಂಡಿತು. ಇಪ್ಪತ್ತು ವರ್ಷ ಪರಾಂಚಿ, ಅಂದರೆ ಕಟ್ಟಡಕ್ಕೆ ಬಿದಿರಿನ ಅಟ್ಟಣಿಗೆ, ಕಟ್ಟಿದ ಕೈ ಅದು. ಏಳನೇ ಮಾಳಿಗೆಯಲ್ಲಿ ನಿಲ್ಲುವವರ ಜೀವ ಆ ಗಂಟಿನ ಮೇಲೆ ಇರುತ್ತದೆ. ನಾನು ದುಡ್ಡು ಕೊಟ್ಟು ಕಲಿತದ್ದಕ್ಕಿಂತ ಅವರ ಗಂಟು ಬಿಗಿ, ಬಿಚ್ಚಲು ಹಗುರ.

"ಕಾಕಾ, ಇವತ್ತಿಂದ ಗಂಟಿನ ಮಾಸ್ತರು ನೀವ" ಅಂದೆ. ಅವರು ಒಪ್ಪಲಿಲ್ಲ. "ಏ, ನನಗ ಹೇಳಿಕೊಡಲಿಕ್ಕ ಬರಂಗಿಲ್ಲ ಅಕ್ಕಾರ, ಮಾಡಲಿಕ್ಕ ಅಷ್ಟ ಬರತದ." ಆದರೂ ಮಕ್ಕಳು ಬಿಡಲಿಲ್ಲ, ಸುತ್ತ ಕೂತರು. ಅವರು ಮಾತಿಲ್ಲದೆ, ನಿಧಾನಕ್ಕೆ, ಮತ್ತೆ ಮತ್ತೆ ಕಟ್ಟಿ ತೋರಿಸಿದರು. ಕತ್ತಲಾಗುವ ಹೊತ್ತಿಗೆ ಒಂಬತ್ತೂ ಮಕ್ಕಳ ಕೈಗೆ ಅದು ಬಂದಿತ್ತು. ಎಲ್ಲರಿಗಿಂತ ಕೊನೆಗೆ ಬಂದದ್ದು ಅವರ ಮಗನಿಗೇ. ರಾತ್ರಿ ಊಟದ ಹೊತ್ತಿಗೆ ಆ ಹುಡುಗ ಅಪ್ಪನ ಪಕ್ಕದಲ್ಲಿ ಕೂತಿದ್ದ.

ಎರಡನೆಯ ದಿನ

ರಾತ್ರಿ ಚಳಿ ಕಚ್ಚಿತು. ಮೇಲಿನ ಹೊದಿಕೆಗಿಂತ ಕೆಳಗಿನ ಹಾಸಿಗೆ ದಪ್ಪ ಇರಬೇಕು, ಮೈಯ ಕಾವನ್ನು ನೆಲ ಹೀರಿಕೊಳ್ಳುತ್ತದೆ ಅಂತ ಹೇಳಿದ್ದೆ. ಮಾತು ಕೇಳಿ ಭತ್ತದ ಹುಲ್ಲನ್ನು ಮೊಳಕೈ ಮುಳುಗುವಷ್ಟು ಹಾಸಿಕೊಂಡವರು ನಿದ್ದೆ ಮಾಡಿದರು. ಬೇಸರಪಟ್ಟು ತೆಳ್ಳಗೆ ಹಾಸಿಕೊಂಡ ಇಬ್ಬರು ನಾಲ್ಕು ಗಂಟೆಗೇ ಎದ್ದು ಕೂತಿದ್ದರು. ಅವರಿಗೆ ನಾನು ಮತ್ತೇನೂ ಹೇಳಲಿಲ್ಲ.

ಅವತ್ತು ಪೂರ್ತಿ ದಿನ ಬೆಂಕಿಗೆ ಮೀಸಲು. ಬೆಂಕಿಪೆಟ್ಟಿಗೆಯಿಂದ ಅಲ್ಲ, ಕಟ್ಟಿಗೆಗೆ ಕಟ್ಟಿಗೆ ಉಜ್ಜಿ.

ಮೊದಲು ಚಾಕು. ಕೈ ಚಾಚಿ ಒಂದು ಸುತ್ತು ತಿರುಗಿದರೆ ಯಾರೂ ತಾಗಬಾರದು. ಕೂತು ಕೆತ್ತಬೇಕು, ಮೊಳಕೈ ಮೊಣಕಾಲ ಮೇಲೆ ಇರಬೇಕು, ಅಲಗು ಯಾವಾಗಲೂ ಮೈಯಿಂದ ದೂರ ಹೋಗಬೇಕು. ಇನ್ನೊಬ್ಬರಿಗೆ ಕೊಡುವಾಗ ಹಿಡಿ ಅವರ ಕಡೆಗೆ. ಅವರು "ಹಿಡಿದೆ" ಅನ್ನುವ ತನಕ ಬಿಡಬಾರದು. ಇದರಲ್ಲಿ ನನ್ನ ಹತ್ತಿರ ರಿಯಾಯಿತಿ ಇಲ್ಲ. ಒಬ್ಬಳು ನಡೆಯುತ್ತ ಕೆತ್ತಿದ್ದಕ್ಕೆ ಮಧ್ಯಾಹ್ನದವರೆಗೆ ಚಾಕು ಇಸಕೊಂಡು ಇಟ್ಟೆ. ಅತ್ತಳು, ಪಾಪ. ಆದರೂ ಕೊಡಲಿಲ್ಲ.

ಬಡಿಗರು ಹಿಂದೆ ಮರಕ್ಕೆ ತೂತು ಹಾಕಲು ಬಿಲ್ಲಿನಿಂದ ತಿರುಗಿಸುತ್ತಿದ್ದ ಬೈರಿಗೆ ಗೊತ್ತಿದ್ದವರಿಗೆ ಇದು ಸುಲಭಕ್ಕೆ ತಿಳಿಯುತ್ತದೆ. ಒಂದು ಅಂಗೈಯಗಲದ ಹಲಗೆ, ಹೆಬ್ಬೆರಳು ದಪ್ಪದ ಒಂದು ಗೇಣುದ್ದದ ಕಡ್ಡಿ, ಕಡ್ಡಿಯ ನೆತ್ತಿಯನ್ನು ಒತ್ತಿ ಹಿಡಿಯಲು ಗುಳಿಯಿರುವ ಕಲ್ಲು, ಹುರಿ ಕಟ್ಟಿದ ಬಿಲ್ಲು. ಹುರಿಯನ್ನು ಕಡ್ಡಿಗೆ ಒಂದು ಸುತ್ತು ಸುತ್ತಿ ಬಿಲ್ಲನ್ನು ಹಿಂದೆ ಮುಂದೆ ಎಳೆದರೆ ಕಡ್ಡಿ ಗಿರಗಿರ ತಿರುಗುತ್ತದೆ. ಯಜ್ಞಕ್ಕೆ ಅರಣಿ ಮಥನ ಮಾಡಿ ಅಗ್ನಿ ತೆಗೆಯುವುದೂ ಇದೇ ತತ್ವದಿಂದಲೇ. ಅಲ್ಲಿ ಬನ್ನಿ, ಅರಳಿ ಬೇಕು. ನಾವು ಬೂರುಗದ ಒಣಗಿದ ಮೆದು ಕಟ್ಟಿಗೆ ತಂದಿದ್ದೆವು.

ಹಲಗೆಯ ಗುಳಿಗೆ ಪಕ್ಕದಿಂದ ಒಂದು ಕಚ್ಚು ಹಾಕಬೇಕು. ಹಬ್ಬದ ಹೋಳಿಗೆಯನ್ನು ಎಂಟು ಭಾಗ ಮಾಡಿದರೆ ಒಂದು ತುಂಡು ಎಷ್ಟಾಗುತ್ತದೋ ಅಷ್ಟಗಲ. ಉಜ್ಜಿದ ಪುಡಿ ಬೀಳುವುದು ಆ ಕಚ್ಚಿನೊಳಗೆ. ಪುಡಿಯ ಬಣ್ಣ ನೋಡಿ ಎಲ್ಲ ಹೇಳಬಹುದು. ಕಂದು ಬಣ್ಣದ ಎಳೆಎಳೆ ಪುಡಿಯಾದರೆ ಒತ್ತು ಸಾಲದು, ಇಲ್ಲವೇ ವೇಗ ಸಾಲದು. ಕಪ್ಪಗೆ, ನುಣ್ಣಗೆ, ಕಾಡಿಗೆಯಂತೆ ಬಿದ್ದರೆ ದಾರಿ ಸರಿ ಇದೆ.

ಮೊದಲ ಎರಡು ತಾಸು ಯಾರಿಗೂ ಹೊಗೆಯ ಮೇಲೆ ಏನೂ ಆಗಲಿಲ್ಲ. ಬಾಬಾ ಬಂದು ಹಲಗೆಯನ್ನು ಕೆನ್ನೆಗೆ ಒತ್ತಿ ನೋಡಿದರು. ತಂಪಾಗಿತ್ತು. ರಾತ್ರಿ ಸಾಮಾನನ್ನೆಲ್ಲ ಗದ್ದೆಯ ಬದುವಿನ ಮೇಲೆ ಬಿಟ್ಟಿದ್ದೆವು, ಇಬ್ಬನಿ ಕುಡಿದಿತ್ತು. ತಪ್ಪು ನನ್ನದು, ಒಳಗಿಡಿ ಅಂತ ನಾನು ಹೇಳಿರಲಿಲ್ಲ. ಬಾಬಾ ತಮ್ಮ ಸೊಂಟದ ಚೀಲ ಬಿಚ್ಚಿ ತೋರಿಸಿದರು. ಒಂದು ಉಕ್ಕಿನ ತುಂಡು, ಗಾರಗೋಟಿ ಅಂದರೆ ಬೆಣಚುಕಲ್ಲು, ಸುಟ್ಟು ಕರಿಯಾಗಿಸಿದ ಬೂರುಗದ ಅರಳೆ. ನಮ್ಮ ಕಡೆ ಕುರಿ ಕಾಯುವವರ ಹತ್ತಿರ ಇರುತ್ತಿದ್ದ ಅದೇ ಚಕಮಕಿ. ಅರಳೆಯನ್ನು ಮೈಗೆ ತಾಗಿಯೇ ಇಟ್ಟುಕೊಳ್ಳುತ್ತಾರೆ, ಮಳೆಗಾಲದಲ್ಲೂ ಮೈಶಾಖಕ್ಕೆ ಒಣಗಿಯೇ ಇರುತ್ತದೆ. ಎರಡನೇ ಪೆಟ್ಟಿಗೆ ಕಿಡಿ ಹಿಡಿಯಿತು. ಕುಂಭಾ ಮರದ ನಾರಿನ ಒಂದು ಹುರಿಯನ್ನೂ ತೋರಿಸಿದರು. ನಮ್ಮ ಕವಲು ಮರ ಅದು. ಅದರ ತೊಗಟೆಯ ನಾರು ಭುಗ್ಗನೆ ಉರಿಯುವುದಿಲ್ಲ, ತಾಸುಗಟ್ಟಲೆ ಕೆಂಡವಾಗಿ ಹೊಗೆಯಾಡುತ್ತ ಇರುತ್ತದೆ. ಹಿಂದೆ ತೋಡೆಯ ಬಂದೂಕುಗಳಿಗೆ, ಅಂದರೆ ಉರಿಯುವ ಬತ್ತಿ ತಾಗಿಸಿ ಹಾರಿಸುವ ಬಂದೂಕುಗಳಿಗೆ, ಬತ್ತಿಯಾಗಿ ಬಳಸುತ್ತಿದ್ದದ್ದು ಅದನ್ನೇ. ಮನೆಯ ಒಲೆಯಿಂದ ಹೊಲಕ್ಕೆ ಬೆಂಕಿ ಒಯ್ಯಲು ಬಾಬಾನ ಅಪ್ಪ ಅದನ್ನೇ ಕೈಯಲ್ಲಿ ಹಿಡಿದು ನಡೆಯುತ್ತಿದ್ದರಂತೆ.

ಹಲಗೆಗಳನ್ನು ಬಿಸಿಲಿಗಿಟ್ಟು, ರೊಟ್ಟಿ ಪಿಠ್ಲಾ ಉಂಡು, ಮೂರು ಗಂಟೆಗೆ ಮತ್ತೆ ಕೂತೆವು.

ಹದಿಮೂರು ವರ್ಷದ ಒಬ್ಬಳು ಹುಡುಗಿ ಇದ್ದಾಳೆ, ಮಾತು ಕಡಿಮೆ. ಅವಳು ಹನ್ನೊಂದು ಸಲ ಸೋತಳು. ಕಡ್ಡಿ ಹಾರಿತು, ಹುರಿ ಹರಿಯಿತು, ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆ ಎದ್ದಿತು. ಪ್ರತಿ ಸಲವೂ ನನಗೆ ಅವಳ ತಪ್ಪು ಕಾಣುತ್ತಿತ್ತು. ಮಣಿಕಟ್ಟನ್ನು ಮೊಣಕಾಲ ಮೂಳೆಗೆ ಆನಿಸಿ ಹಿಡಿದಿರಲಿಲ್ಲ, ಅದಕ್ಕೇ ಕಡ್ಡಿ ಅಲುಗಾಡುತ್ತಿತ್ತು. ಎಂಟನೇ ಸಲ ನನ್ನ ಕೈ ತಾನಾಗಿ ಮುಂದೆ ಹೋಯಿತು. ಬಾಬಾ ನನ್ನ ತೋಳು ಹಿಡಿದು "ಹಾತ ಮಾಗೇ" ಅಂದರು. ಕೈ ಹಿಂದಕ್ಕೆ. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಹತ್ತು ವರ್ಷದ ಹಿಂದೆ ನನಗೆ ಅವರು ಕಲಿಸುವಾಗಲೂ ಹೀಗೇ ನಿಂತಿದ್ದರು, ಆಗ ನನಗೆ ಇವರಿಗೆ ಕರುಣೆಯೇ ಇಲ್ಲ ಅನ್ನಿಸಿತ್ತು. ಕಲಿಸುವವರ ಕೈ ಬಂದರೆ ಕಲಿಯುವವರ ಕೈ ನಿಂತುಹೋಗುತ್ತದೆ. ಸುಮ್ಮನೆ ನಿಂತು ನೋಡುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು.

ಹನ್ನೆರಡನೆಯ ಸಲ ಅವಳು ಬಿಲ್ಲು ಕೆಳಗಿಟ್ಟು, ಪಕ್ಕದ ಹುಡುಗ ಹೇಗೆ ಕೂತಿದ್ದಾನೆ ಅಂತ ನೋಡಿದಳು. ಮೊಣಕಾಲನ್ನು ಹತ್ತಿರ ಎಳೆದುಕೊಂಡಳು. ಮಣಿಕಟ್ಟು ತಾನೇ ಮೂಳೆಗೆ ಕೂತಿತು. ಬಿಲ್ಲು ಉದ್ದುದ್ದಕ್ಕೆ, ಒಂದೇ ಲಯದಲ್ಲಿ ಹೋಯಿತು. ಮೊದಲು ತೆಳ್ಳಗೆ ಹೊಗೆ. ಆಮೇಲೆ ದಟ್ಟ, ಹಳದಿ ಬಣ್ಣದ್ದು. ಪುಡಿ ಕಚ್ಚು ತುಂಬಿ ಹೊರಗೆ ಬಂತು, ಕರ್ರಗೆ. ಬಿಲ್ಲು ನಿಲ್ಲಿಸಿದಳು. ಕಡ್ಡಿ ತೆಗೆದಳು. ಪುಡಿಯ ರಾಶಿಯಿಂದ ಹೊಗೆ ಬರುತ್ತಲೇ ಇತ್ತು.

ಯಾರೋ "ಊದು, ಊದು" ಅಂದರು. ಅವಳು ಊದಲಿಲ್ಲ. ಕೈಯಿಂದ ಮೆಲ್ಲಗೆ ಗಾಳಿ ಹಾಕಿದಳು. ಪುಡಿಯ ನಡುವೆ ಸಾಸಿವೆಯಷ್ಟು ಕೆಂಪು ಕಂಡಿತು, ಆಮೇಲೆ ಜೋಳದ ಕಾಳಿನಷ್ಟು. ತೆಂಗಿನ ನಾರು, ಒಣಹುಲ್ಲು ಉಜ್ಜಿ ಹಕ್ಕಿಯ ಗೂಡಿನಂತೆ ಮಾಡಿಟ್ಟುಕೊಂಡಿದ್ದಳು. ಚಾಕುವಿನ ತುದಿಯಿಂದ ಕೆಂಡವನ್ನು ಅದರೊಳಗೆ ಜಾರಿಸಿ, ಎರಡೂ ಕೈಯಲ್ಲಿ ಎತ್ತಿ ಮುಖದ ಮುಂದೆ ಹಿಡಿದು ಈಗ ಊದಿದಳು, ಉದ್ದ ಉಸಿರಿನಿಂದ. ಮೂರನೇ ಉಸಿರಿಗೆ ಭುಗ್ಗನೆ ಹತ್ತಿತು. ಕೂಡಲೇ ಒಲೆಯ ಪುಳ್ಳೆಯಡಿ ಇಟ್ಟಳು. ನಮ್ಮ ರಾತ್ರಿಯ ಅಡಿಗೆ ಆ ಬೆಂಕಿಯಲ್ಲೇ ಆಯಿತು. ಬದನೆಕಾಯಿ ಸುಟ್ಟದ್ದು, ಅನ್ನ, ಬಾಬಾನ ಸೊಸೆ ಅರೆದು ಕೊಟ್ಟ ಠೇಚಾ. ಹುಡುಗಿ ಊಟದ ತಟ್ಟೆ ಹಿಡಿದು ಒಲೆಯ ಹತ್ತಿರವೇ ಕೂತಳು, ಮಲಗುವ ತನಕ ಅದನ್ನು ಆರಲು ಬಿಡಲಿಲ್ಲ.

ಮೂರನೆಯ ದಿನ

ಬೆಳಿಗ್ಗೆ ನೀರಿನ ಪಾಠ. ಹಳ್ಳದಿಂದ ಎರಡು ಕೊಡ ನೀರು ತಂದು, ನನ್ನ ಚೀಲದಿಂದ ಅವ್ವನ ಹಳೆಯ ಹತ್ತಿ ಸೀರೆಯ ಒಂದು ತುಂಡು ತೆಗೆದೆ. ಮಕ್ಕಳಿಗೆ ಅವ್ವನ ಕಾಲಿನ ಕತೆ ಹೇಳಿದೆ.

ಅವ್ವನ ಹಿಮ್ಮಡಿಯ ಮೇಲೆ ಬೆರಳು ಕೂರುವಷ್ಟು ಒಂದು ಗುಳಿ ಇದೆ. ಮದುವೆಗೆ ಮೊದಲು ಅವಳಿಗೆ ನಾರುಹುಣ್ಣು ಆಗಿತ್ತು. ಆಗೆಲ್ಲ ನೀರು ಮೆಟ್ಟಿಲು ಬಾವಿಯದು, ಜನ ಕಾಲಿಟ್ಟು ಇಳಿದು ತುಂಬಿಕೊಳ್ಳುತ್ತಿದ್ದರು. ಬರಿಗಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನೀರುಚಿಗಟದೊಳಗೆ ಈ ಹುಣ್ಣು ತರುವ ಹುಳದ ಮರಿ ಇರುತ್ತದೆ. ಕುಡಿದ ಸುಮಾರು ಒಂದು ವರ್ಷಕ್ಕೆ, ಒಂದು ಮೀಟರಿನಷ್ಟು ಉದ್ದ ಬೆಳೆದ ಹುಳ ಕಾಲಿನ ಚರ್ಮ ಒಡೆದು ಹೊರಗೆ ಬರುತ್ತದೆ. ಉರಿ ತಾಳದೆ ಕಾಲನ್ನು ನೀರಿಗಿಟ್ಟರೆ ಅದು ಮರಿಗಳನ್ನು ಬಾವಿಗೆ ಬಿಡುತ್ತದೆ. ಔಷಧವಿಲ್ಲ. ಸಣ್ಣ ಕಡ್ಡಿಗೆ ಸುತ್ತುತ್ತ ದಿನಕ್ಕೆ ಬೆರಳಗಲದಷ್ಟು ಎಳೆಯಬೇಕು. ಹರಿದರೆ ಕಾಲೆಲ್ಲ ಬಾತು ಕೀವಾಗುತ್ತದೆ. ಅವ್ವ ಒಂದು ಸುಗ್ಗಿ ಪೂರ್ತಿ ಮಲಗಿದ್ದಳು. ಅದನ್ನು ಓಡಿಸಿದ್ದು ಲಸಿಕೆಯಲ್ಲ. ಬಟ್ಟೆಯಿಂದ ನೀರು ಸೋಸಿದ್ದು, ಮೆಟ್ಟಿಲು ಬಾವಿಗಳನ್ನು ಮುಚ್ಚಿ ಕೊಳವೆಬಾವಿ ಹಾಕಿಸಿದ್ದು, ಹುಣ್ಣಾದವರನ್ನು ನೀರಿಗಿಳಿಯದಂತೆ ತಡೆದದ್ದು. 2000ದ ಫೆಬ್ರವರಿಯಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು. ಅವ್ವ ಮಾತ್ರ ಈಗಲೂ ನಲ್ಲಿ ನೀರನ್ನೂ ಸೋಸದೆ ಕೊಡ ತುಂಬುವುದಿಲ್ಲ.

ಹಳೆಯ ಸೀರೆಯೇ ಯಾಕೆ? ಒಗೆದು ಒಗೆದು ಅದರ ಎಳೆಗಳು ಅರಳಿ ಕಿಂಡಿಗಳು ಕಿರಿದಾಗಿರುತ್ತವೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹೆಂಗಸರು ಸೀರೆಯನ್ನು ನಾಲ್ಕು ಮಡಿಕೆ ಮಾಡಿ ನೀರು ಸೋಸಿದಾಗ ಕಾಲರಾ ಸುಮಾರು ಅರ್ಧಕ್ಕೆ ಇಳಿಯಿತು ಅಂತ 2003ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಲ್ಲಿಗೇ ಮುಗಿಯಲಿಲ್ಲ. ಸೋಸಿದ ಮೇಲೆ ಕುದಿಸಬೇಕು, ಗಳಗಳ ಕುದಿ ಬಂದ ಮೇಲೆ ಪೂರ್ತಿ ಒಂದು ನಿಮಿಷ. ಒಂಬತ್ತು ಮಕ್ಕಳೂ ತಾವೇ ಸೋಸಿದರು, ತಾವೇ ಕುದಿಸಿದರು. ಬಟ್ಟೆಯ ಮೇಲೆ ಉಳಿದದ್ದನ್ನು ಭೂತಗನ್ನಡಿಯಲ್ಲಿ ತೋರಿಸಿದೆ. ನೋಡಿದ ಮೇಲೆ ನೇರವಾಗಿ ಹಳ್ಳಕ್ಕೆ ಬೊಗಸೆ ಹಾಕುವುದು ತಾನಾಗಿ ನಿಂತಿತು.

ಮಧ್ಯಾಹ್ನ ಒಂದು ಎಡವಟ್ಟಾಯಿತು. ಬೇಲಿಯಲ್ಲಿ ಕಂದು ಮಕಮಲ್ಲಿನಂತೆ ಕಾಣುವ ಕಾಯಿಗಳು ಜೋತುಬಿದ್ದಿದ್ದವು. ಕಿರಿಯ ಹುಡುಗ ಕಿತ್ತು ಕೈಯಲ್ಲಿ ಉಜ್ಜಿದ. ನಸುಗುನ್ನಿ! ಅರೆ ನಿಮಿಷದಲ್ಲಿ ಕೈ, ಕತ್ತು ಕೆಂಪಾಗಿ ಒದ್ದಾಡತೊಡಗಿದ. ಅದಕ್ಕೆ ಮೊದಲು ಹತ್ತು ಗಿಡ ಪರಿಚಯ ಮಾಡಿಸಿದ್ದೆ, ಇದೊಂದನ್ನು ಬಿಟ್ಟಿದ್ದೆ. ಕೆರೆದರೆ ಕೂದಲು ಇನ್ನೂ ಒಳಗೆ ಹೋಗುತ್ತವೆ. ಪ್ರಥಮ ಚಿಕಿತ್ಸೆಯ ಡಬ್ಬಿಯಿಂದ ಅಂಟುಪಟ್ಟಿ ತೆಗೆದು, ಚರ್ಮಕ್ಕೆ ಒತ್ತಿ ಕೀಳುತ್ತ ಬಂದೆ. ಬಾಬಾನ ಸೊಸೆ ಸೆಗಣಿ ತಂದು ಕತ್ತಿಗೆ ಬಳಿದು, ಒಣಗಿದ ಮೇಲೆ ಉದುರಿಸಿದಳು. ಎರಡರದ್ದೂ ಕೆಲಸ ಒಂದೇ, ಕೂದಲನ್ನು ಎಳೆದು ತೆಗೆಯುವುದು. ಆಮೇಲೆ ಸಾಬೂನು ಹಚ್ಚಿ ತೊಳೆದೆವು. ಒಂದು ತಾಸಿಗೆ ಹುಡುಗ ಸುಧಾರಿಸಿದ. ಇನ್ನು ಮುಂದೆ ಯಾವ ಊರಿಗೆ ಹೋದರೂ ಮೊದಲು ತೋರಿಸುವುದು ಮುಟ್ಟಬಾರದ ಗಿಡಗಳನ್ನೇ, ತಿನ್ನುವವನ್ನು ಆಮೇಲೆ. ಸಂಜೆ ಹಾವಿನ ವಿಷಯವನ್ನೂ ಹೇಳಿ ಮುಗಿಸಿದೆ. ಕಚ್ಚಿದರೆ ಕೊಯ್ಯಬಾರದು, ಹೀರಬಾರದು, ಬಿಗಿಯಾಗಿ ಕಟ್ಟಬಾರದು. ಅಲುಗಾಡಿಸದೆ ಮಲಗಿಸಿ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು.

ರಾತ್ರಿ ಎಂಟಕ್ಕೆ ದೀಪ ಆರಿಸಿ ಗದ್ದೆಯಲ್ಲಿ ಮಲಗಿ ಆಕಾಶ ನೋಡಿದೆವು. ಭೋಸರಿಯಲ್ಲಿ ಹುಟ್ಟಿದ ಮಕ್ಕಳು ಇಷ್ಟು ನಕ್ಷತ್ರ ನೋಡಿರಲಿಲ್ಲ. ಒಬ್ಬಳು ತಾಯಿ ಮಾತ್ರ "ನಮ್ಮ ಹೊಲದಾಗ ಹಿಂಗ ಕಾಣತಿದ್ವು" ಅಂದು ಸುಮ್ಮನಾದಳು. ಈ ದಿನಗಳಲ್ಲಿ ಸಪ್ತರ್ಷಿ ಮಂಡಲ ಪೂರ್ತಿ ಕಾಣುವುದು ಮಧ್ಯರಾತ್ರಿ ದಾಟಿದ ಮೇಲೆ. ಅಲ್ಲಿಯವರೆಗೆ ಉತ್ತರದಲ್ಲಿ ಇಂಗ್ಲಿಷಿನ ಎಂ ಅಕ್ಷರದಂತೆ ಕಾಣುವ ಐದು ನಕ್ಷತ್ರಗಳ ಆಸರ ಹಿಡಿದು ಧ್ರುವನನ್ನು ಹುಡುಕಬೇಕು. ಸಿಕ್ಕ ಮೇಲೆ ಕೈ ನೀಟಾಗಿ ಚಾಚಿ, ದಿಗಂತದಿಂದ ಮುಷ್ಟಿಯ ಮೇಲೆ ಮುಷ್ಟಿ ಇಟ್ಟು ಅಳೆಯಲು ಹೇಳಿದೆ. ಚಾಚಿದ ಮುಷ್ಟಿ ಅಂದರೆ ಸುಮಾರು ಹತ್ತು ಡಿಗ್ರಿ. ಎಲ್ಲರಿಗೂ ಎರಡು ಮುಷ್ಟಿಗೆ ಒಂದು ಚೂರು ಕಡಿಮೆ ಬಂತು. ಧ್ರುವ ಎಷ್ಟು ಎತ್ತರದಲ್ಲಿದೆಯೋ ಅದೇ ನಾವಿರುವ ಅಕ್ಷಾಂಶ, ಇಲ್ಲಿ 19 ಡಿಗ್ರಿ. ನಮ್ಮೂರಲ್ಲಿ ಅಳೆದರೆ ಇದಕ್ಕಿಂತ ಒಂದು ಬೆರಳು ಕೆಳಗಿರುತ್ತದೆ. "ಅಂದ್ರ ಚುಕ್ಕಿ ನೋಡಿ ಊರು ಎಷ್ಟು ದೂರ ಅಂತ ಹೇಳಬಹುದೇನು?" ಅಂದ ಗಂಟಿನ ಕಾಕಾನ ಮಗ. ಉತ್ತರ ದಕ್ಷಿಣದ ದೂರವನ್ನಷ್ಟೇ, ಅಂದೆ. ಅವನು ಬಹಳ ಹೊತ್ತು ಕೈ ಚಾಚಿಕೊಂಡೇ ಮಲಗಿದ್ದ.

ನಾಲ್ಕನೆಯ ದಿನ

ಬಿಡಾರ ಬಿಚ್ಚಿದೆವು. ಬೂದಿಗೆ ನೀರು ಹಾಕಿ, ಕೈಯಿಟ್ಟು ನೋಡಿ, ಮತ್ತೆ ನೀರು ಹಾಕಿ, ತಣ್ಣಗಾದದ್ದನ್ನು ಗದ್ದೆಗೆ ಹರಡಿ, ಕಲ್ಲುಗಳನ್ನು ತೆಗೆದ ಜಾಗದಲ್ಲೇ ಇಟ್ಟೆವು. ಗಂಟುಗಳು ಒಂದೊಂದೇ ಎಳೆತಕ್ಕೆ ಬಿಚ್ಚಿಕೊಂಡವು. ಬಾಬಾ ಬೂರುಗದ ಅರಳೆಯ ಒಂದು ಉಂಡೆಯನ್ನು ಬೆಂಕಿ ಹೊತ್ತಿಸಿದ ಹುಡುಗಿಯ ಕೈಗೆ ಕೊಟ್ಟು, ಸೊಂಟ ಮುಟ್ಟಿ ತೋರಿಸಿದರು. ಅವಳು ಅದನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡಳು.

ಅಲ್ಲಿಂದ ಭೀಮಾಶಂಕರಕ್ಕೆ. ಜ್ಯೋತಿರ್ಲಿಂಗದ ಗುಡಿಯಲ್ಲಿ ಸಾಲು ಉದ್ದವಿತ್ತು, ದರ್ಶನಕ್ಕೆ ಎರಡು ತಾಸು. ಗುಡಿಯಿಂದ ಗುಪ್ತ ಭೀಮಾಶಂಕರಕ್ಕೆ ಅಡವಿಯೊಳಗೆ ಕಾಲುದಾರಿ ಇದೆ. ಅಲ್ಲಿ ಕಿರಿಯ ಹುಡುಗ ತಟ್ಟನೆ ನಿಂತು ಮೇಲೆ ಕೈ ತೋರಿಸಿದ. ನೇರಳೆ ಮರದ ತುದಿಯಲ್ಲಿ ಕೆಂದಳಿಲು. ಇವರ ಶೇಕರು, ಮಹಾರಾಷ್ಟ್ರದ ರಾಜ್ಯಪ್ರಾಣಿ. ಬಹುಮಟ್ಟಿಗೆ ಅದರ ರಕ್ಷಣೆಗಾಗಿಯೇ 1985ರಲ್ಲಿ ಈ ಅಭಯಾರಣ್ಯ ಆದದ್ದು. ಬಾಲವೇ ಮೈಗಿಂತ ಉದ್ದ. ಒಂದೇ ಅಳಿಲು ಹಲವು ಮರಗಳಲ್ಲಿ ಹಲವು ಗೂಡು ಕಟ್ಟುತ್ತದೆ. ನಾವು ನೋಡುತ್ತಿದ್ದಂತೆ ಎಲೆಯಿರುವ ಒಂದು ಕಡ್ಡಿ ಮುರಿದು ಬಾಯಲ್ಲಿ ಹಿಡಿದು, ಎರಡು ಮರದಾಚೆಗೆ ಜಿಗಿದು, ಗೂಡಿಗೆ ಸಿಕ್ಕಿಸಿ, ಹಿಂದೆ ಬಂದು ಮತ್ತೊಂದು ಮುರಿಯಿತು. ಅಷ್ಟು ಹೊತ್ತೂ ಮಕ್ಕಳಲ್ಲಿ ಒಬ್ಬರೂ ಮಾತಾಡಲಿಲ್ಲ.

ಗುಪ್ತ ಭೀಮಾಶಂಕರದಲ್ಲಿ ಹೊಳೆ ಅಂದರೆ ಬಂಡೆಯ ಮೇಲಿಂದ ಜಾರುವ ಒಂದು ತೆಳ್ಳನೆ ನೀರು. ಹನ್ನೊಂದರ ಹುಡುಗಿ ಒಂದು ಹೆಜ್ಜೆಗೆ ಈ ದಂಡೆಯಿಂದ ಆ ದಂಡೆಗೆ ದಾಟಿದಳು. ನಮ್ಮೂರಲ್ಲಿ ಮಳೆಗಾಲದಲ್ಲಿ ದಾಟಲು ಆಗುತ್ತಿರಲಿಲ್ಲ. ಆಚೆ ದಂಡೆಯ ಊರಿಗೆ ಕೊಟ್ಟ ನಮ್ಮ ಚಿಕ್ಕಮ್ಮ ನಾಗರಪಂಚಮಿಗೆ ತವರಿಗೆ ಬರಲಾಗದೆ ಅಲ್ಲಿಂದಲೇ ಹೊಳೆ ನೋಡುತ್ತಿದ್ದಳಂತೆ. ನಾನು ಚಪ್ಪಲಿ ಬಿಟ್ಟು ನೀರಿನಲ್ಲಿ ನಿಂತೆ. ಗುಡಿಯ ಹತ್ತಿರ ಬಂದು ಫೋನಿಗೆ ಸಿಗ್ನಲ್ ಸಿಕ್ಕ ಕೂಡಲೇ ಅವ್ವನಿಗೆ ಕರೆ ಮಾಡಿದೆ.

"ಅವ್ವಾ, ಹೊಳಿ ಹುಟ್ಟೋದು ನೋಡಿ ಬಂದೆ. ನಮ್ಮ ಮನಿ ಒಲಿಗಿಂತ ಅಗಲ ಇಲ್ಲ."

"ಹೌದೇನ? ಇಲ್ಲಿ ಈಗ ಸಣ್ಣಗ ಹರೀಲತ್ತದ ನೋಡು. ಹುಡುಗ್ರು ಎಲ್ಲಾರೂ ಅರಾಮ ಅದಾರ?"

"ಅದಾರ."

"ನೀರು ಸೋಸಿ ಕುಡದೀರೋ ಇಲ್ಲೋ?"

ಫೋನು ಸ್ಪೀಕರಿನಲ್ಲಿತ್ತು. ನನಗಿಂತ ಮೊದಲು ಒಂಬತ್ತು ದನಿಗಳೂ ಒಟ್ಟಿಗೆ "ಸೋಸೀವಿ ಅಜ್ಜೀ, ಕುದಿಸೀವಿ ಸೈತ" ಅಂದವು.